ಗಡಿಯಾರದ ಲೆಕ್ಕ, ಮೈಯ ಲೆಕ್ಕ

(ತರಬೇತಿಯಲ್ಲಿರುವ ವೈದ್ಯರು ಮತ್ತು ಅವರಿಗೆ ಕಲಿಸುವವರು ಒಟ್ಟಿಗೆ ಕೂತಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಒಂದು ಭಾಗವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ನನ್ನದೊಂದು ತಪ್ಪನ್ನು ಹೇಳಿಕೊಂಡು ಮುಂದೆ ಹೋಗುತ್ತೇನೆ. ನಾನು ಯೂನಿಟ್ ನೋಡಿಕೊಳ್ಳಲು ಶುರುಮಾಡಿದ ಹೊಸತು. ಮೊದಲ ವರ್ಷದ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿನಿ) ಒಬ್ಬಳು ರೌಂಡ್ಸ್ ಮುಗಿದ ಮೇಲೆ ಹಿಂದೆಯೇ ಬಂದು, "ಮೇಡಂ, ನನ್ನ ಕೈಲಿ ಆಗ್ತಾ ಇಲ್ಲ. ಕೆಲಸ ತುಂಬಾ ಜಾಸ್ತಿ ಆಗ್ತಿದೆ" ಅಂದಳು. ನಾನು ಡ್ಯೂಟಿ ಪಟ್ಟಿ ತರಿಸಿದೆ, ಅಡ್ಮಿಷನ್ ರಿಜಿಸ್ಟರ್ ತರಿಸಿದೆ. ಅವಳ ಡ್ಯೂಟಿಗಳೆಷ್ಟು, ಅವಳ ಜೊತೆಯ ಹುಡುಗನ ಡ್ಯೂಟಿಗಳೆಷ್ಟು, ಇಬ್ಬರೂ ನೋಡಿದ ಕೇಸುಗಳೆಷ್ಟು, ಎಲ್ಲವನ್ನೂ ಅವಳ ಕಣ್ಣೆದುರಿಗೇ ಎಣಿಸಿದೆ. "ನೋಡಮ್ಮಾ, ಅವನಿಗೂ ನಿನಗೂ ಅಷ್ಟಷ್ಟೇ ಇದೆ. ಅವನೇನೂ ಹೇಳ್ತಿಲ್ವಲ್ಲ" ಅಂದೆ. ಅವಳು "ಸರಿ ಮೇಡಂ" ಎಂದು ಹೊರಟುಹೋದಳು. ಮತ್ತೆ ಆ ವಿಷಯ ಎತ್ತಲಿಲ್ಲ. ನಾನು ನ್ಯಾಯವಾಗಿ ನಡೆದುಕೊಂಡೆ ಎಂದೇ ಬಹಳ ಕಾಲ ನಂಬಿದ್ದೆ.

ಈಗ ನೆನೆದರೆ ಮನಸ್ಸಿಗೆ ಚುಚ್ಚುತ್ತದೆ. ಹೊಟ್ಟೆನೋವು ಎಂದು ಬಂದವರ ಮುಂದೆ ಸ್ಕ್ಯಾನ್ ಹಿಡಿದು, "ಇದರಲ್ಲಿ ಏನೂ ಕಾಣ್ತಿಲ್ಲ, ಹಾಗಾಗಿ ನಿಮಗೆ ನೋವಿಲ್ಲ" ಎಂದು ಕಳಿಸುವ ವೈದ್ಯರನ್ನು ನಾವು ಮೆಚ್ಚುವುದಿಲ್ಲ. ನೋವಿದೆ ಎಂದರೆ ಇದೆ, ಅದರ ಕಾರಣ ಹುಡುಕುವುದು ನಮ್ಮ ಕೆಲಸ ಎಂದು ಪಾಠ ಮಾಡುತ್ತೇವೆ. ಅದೇ ಪಾಠ ಮಾಡುವ ನಾನು, ನನ್ನದೇ ವಿದ್ಯಾರ್ಥಿನಿ ಬಂದು ಹೊರೆ ಎಂದಾಗ ರಿಜಿಸ್ಟರ್ ತೆರೆದು ತೋರಿಸಿದ್ದೆ. ಆ ದಿನ ಏನೂ ಹೇಳದೆ ಇದ್ದ ಹುಡುಗನ ಕತೆ ಬೇರೆ ಇದೆ. ಅದನ್ನು ಆಮೇಲೆ ಹೇಳುತ್ತೇನೆ. ಈ ವಿಷಯದಲ್ಲಿ ನನಗೆ ಬುದ್ಧಿ ಬಂದದ್ದು ಅವನಿಂದ.

ಕೆಲಸದ ಹೊರೆಯನ್ನು ನಾವು ಗಂಟೆಯಲ್ಲಿ ಅಳೆಯುವುದಕ್ಕೆ ಒಂದು ಇತಿಹಾಸವಿದೆ, ಮತ್ತು ಅದು ಸುಲಭಕ್ಕೆ ಸಿಕ್ಕಿದ್ದಲ್ಲ. 1889ರಲ್ಲಿ ಶುರುವಾದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಶಸ್ತ್ರವೈದ್ಯರ ತರಬೇತಿಯ ಒಂದು ಪದ್ಧತಿಯನ್ನು ಕಟ್ಟಿದರು. ಕಲಿಯುವವರು ಆಸ್ಪತ್ರೆಯಲ್ಲೇ ವಾಸ ಮಾಡಬೇಕಿತ್ತು. ರೆಸಿಡೆಂಟ್ ಎಂಬ ಮಾತಿನ ಅರ್ಥವೇ ಅದು. ಊಟ, ನಿದ್ದೆ, ಕಲಿಕೆ ಎಲ್ಲ ಒಂದೇ ಕಟ್ಟಡದಲ್ಲಿ ನಡೆಯುವಾಗ ಕೆಲಸದ ಅವಧಿ ಎಂಬ ಪ್ರಶ್ನೆಯೇ ಏಳುವುದಿಲ್ಲ. ಹಾಲ್‌ಸ್ಟೆಡ್ ಅವರು ಕೊಕೇನನ್ನು ಅರಿವಳಿಕೆಯಾಗಿ ಬಳಸುವ ಪ್ರಯೋಗವನ್ನು ತಮ್ಮ ಮೇಲೇ ಮಾಡಿಕೊಂಡು ಅದರ ಚಟಕ್ಕೆ ಬಿದ್ದವರು, ನಂತರ ಮಾರ್ಫಿನ್‌ಗೂ. ಅವರ ಶಸ್ತ್ರಚಿಕಿತ್ಸೆಯ ಕೊಡುಗೆ ದೊಡ್ಡದು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ದಣಿವನ್ನು ಲೆಕ್ಕಕ್ಕೇ ಇಡದ ಒಂದು ಕ್ರಮ ನಮಗೆ ಪರಂಪರೆಯಾಗಿ ಬಂದದ್ದು ಇಂಥ ಒಬ್ಬರಿಂದ ಎಂಬುದನ್ನು ನಾವು ಮರೆಯಬಾರದು.

ಗಂಟೆ ಎಣಿಸುವುದು ಶುರುವಾದದ್ದು ಒಂದು ಸಾವಿನಿಂದ. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದಕ್ಕೆ ಜ್ವರ, ನಡುಕ ಎಂದು ದಾಖಲಾದ 18 ವರ್ಷದ ಲಿಬ್ಬಿ ಝಯಾನ್ ಎಂಬ ಹುಡುಗಿ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ಆ ರಾತ್ರಿ ಅವಳನ್ನು ನೋಡಿಕೊಂಡವರು ತರಬೇತಿಯಲ್ಲಿದ್ದ ವೈದ್ಯರು. ಅವಳು ಮೊದಲೇ ತೆಗೆದುಕೊಳ್ಳುತ್ತಿದ್ದ ಒಂದು ಔಷಧಿಗೂ ಆಸ್ಪತ್ರೆಯಲ್ಲಿ ಕೊಟ್ಟ ಇನ್ನೊಂದಕ್ಕೂ ಹೊಂದುವುದಿಲ್ಲ ಎಂಬುದು ದೊಡ್ಡ ಚರ್ಚೆಯಾಯಿತು. ತಂದೆ ಪತ್ರಕರ್ತರು, ಸುಮ್ಮನಿರಲಿಲ್ಲ. ಬರ್ಟ್ರಂಡ್ ಬೆಲ್ ಎಂಬ ವೈದ್ಯರ ನೇತೃತ್ವದಲ್ಲಿ ಆಯೋಗ ಕೂತಿತು. 1989ರಲ್ಲಿ ನ್ಯೂಯಾರ್ಕ್ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ತಂದಿತು. 2003ರಲ್ಲಿ ಅದು ಅಮೆರಿಕದ ಎಲ್ಲ ತರಬೇತಿ ಕಾರ್ಯಕ್ರಮಗಳಿಗೂ ಬಂತು. ಯುರೋಪಿನ ನಿಯಮ ಇನ್ನೂ ಬಿಗಿ, ಸರಾಸರಿ ವಾರಕ್ಕೆ 48 ಗಂಟೆ. ಬ್ರಿಟನ್ನಿನ ತರಬೇತಿ ವೈದ್ಯರಿಗೆ ಅದು ಪೂರ್ತಿಯಾಗಿ ಅನ್ವಯಿಸಿದ್ದು 2009ರಲ್ಲಿ.

ಇಲ್ಲಿ ನನಗೆ ಬಹಳ ಮುಖ್ಯ ಎನಿಸುವ ಒಂದು ಸಂಗತಿ ಇದೆ. ಗಂಟೆಯ ಮಿತಿಗೆ ಕಾರಣರಾದ ಅದೇ ಬೆಲ್ ಅವರು 1993ರಲ್ಲಿ ಒಂದು ಲೇಖನ ಬರೆದು, ರೋಗಿಗಳ ಆರೈಕೆ ಸುಧಾರಿಸಬೇಕಾದರೆ ಬೇಕಾದದ್ದು ಮೇಲ್ವಿಚಾರಣೆ, ಗಂಟೆಗಳ ನಿಯಂತ್ರಣವಲ್ಲ ಎಂದು ವಾದಿಸಿದರು. ಅಂದರೆ ಆ ರಾತ್ರಿ ಆ ಇಬ್ಬರು ಕಿರಿಯರು ಎಷ್ಟು ಹೊತ್ತಿನಿಂದ ಎಚ್ಚರವಿದ್ದರು ಎಂಬುದಕ್ಕಿಂತ, ಅವರ ಪಕ್ಕದಲ್ಲಿ ಹಿರಿಯರು ಯಾರೂ ಇರಲಿಲ್ಲ ಎಂಬುದು ಬೆಲ್ ಅವರಿಗೆ ದೊಡ್ಡದಾಗಿ ಕಂಡಿತು. ಜಗತ್ತು ಅವರ ವರದಿಯಿಂದ ಗಂಟೆಯನ್ನು ಎತ್ತಿಕೊಂಡಿತು. ಒಂಟಿತನವನ್ನು ಅಲ್ಲೇ ಬಿಟ್ಟಿತು. ಗಂಟೆಯನ್ನು ಎಣಿಸಬಹುದು, ತಪಾಸಣೆ ಮಾಡಬಹುದು, ಪಟ್ಟಿಯಲ್ಲಿ ತೋರಿಸಬಹುದು. ರಾತ್ರಿ ಮೂರು ಗಂಟೆಗೆ ಯಾರನ್ನು ಕೇಳುವುದು ಎಂದು ತಿಳಿಯದೆ ನಿಂತ ಹೊತ್ತನ್ನು ಯಾವ ಕಾಲಂನಲ್ಲಿ ಬರೆಯುವುದು?

ಹಾಗೆಂದು ಗಂಟೆ ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ದಯವಿಟ್ಟು ಯಾರೂ ಹಾಗೆ ತಿಳಿಯಬೇಡಿ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಐಸಿಯುಗಳಲ್ಲಿ ಕೆಲಸ ಮಾಡುವ, ತರಬೇತಿಯ ಮೊದಲ ವರ್ಷದಲ್ಲಿರುವ ಇಂಟರ್ನ್‌ಗಳಿಗೆ ಎರಡು ಬಗೆಯ ಡ್ಯೂಟಿ ಹಾಕಿ ನೋಡಿದರು. 24 ಗಂಟೆ ಮೀರಿದ ಹಳೆಯ ಮಾದರಿಯ ಡ್ಯೂಟಿಯಲ್ಲಿ ಗಂಭೀರ ತಪ್ಪುಗಳು ಶೇ. 36ರಷ್ಟು ಹೆಚ್ಚು ಕಂಡವು. ಮರುವರ್ಷ ಬಂದ ಇನ್ನೊಂದು ಅಧ್ಯಯನದ ಪ್ರಕಾರ, ಅಂಥ ದೀರ್ಘ ಡ್ಯೂಟಿ ಮುಗಿಸಿ ವಾಹನ ಓಡಿಸಿಕೊಂಡು ಹೋಗುವಾಗ ಅಪಘಾತದ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚು. ಈ ಎರಡಾದ ಮೇಲೂ ಗಂಟೆಯ ಮಿತಿ ಬೇಡ ಎನ್ನುವವರ ಜೊತೆ ನನಗೆ ವಾದ ಬೇಕಿಲ್ಲ. ನನ್ನ ಮಾತು ಇಷ್ಟು: ಗಂಟೆ ಒಂದು ಲೆಕ್ಕ, ಮೈಮನಸ್ಸಿಗೆ ಅನಿಸಿದ್ದು ಇನ್ನೊಂದು ಲೆಕ್ಕ. ಎರಡೂ ನಿಜ. ಎರಡರ ನಡುವೆ ಅಂತರ ಕಂಡಾಗ ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಹುಡುಕುವ ಬದಲು, ಆ ಅಂತರವನ್ನೇ ಒಂದು ರೋಗಲಕ್ಷಣದ ಹಾಗೆ ಓದಬೇಕು.

ಮೊದಲಿಗೆ, ಅನಿಸಿದ್ದು ಗಡಿಯಾರಕ್ಕಿಂತ ಹೆಚ್ಚಾಗುವುದು ಏಕೆ ಎಂದು ನೋಡೋಣ.

ಮನುಷ್ಯರು ತಮ್ಮ ಕೆಲಸದ ಅವಧಿಯನ್ನು ಹೆಚ್ಚಾಗಿ ಅಂದಾಜಿಸುತ್ತಾರೆ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. ಜನರಿಗೆ ವಾರಕ್ಕೆ ಎಷ್ಟು ಗಂಟೆ ದುಡಿಯುತ್ತೀರಿ ಎಂದು ಕೇಳಿ, ಅವರೇ ಹೊತ್ತುಹೊತ್ತಿಗೆ ಬರೆದ ದಿನಚರಿಯ ಜೊತೆ ಹೋಲಿಸಿದ ಅಧ್ಯಯನಗಳು ಅಮೆರಿಕದಲ್ಲಿ ನಡೆದಿವೆ. 75 ಗಂಟೆಗಿಂತ ಹೆಚ್ಚು ಎಂದವರ ಅಂದಾಜು ಸುಮಾರು 25 ಗಂಟೆಯಷ್ಟು ಮೀರಿತ್ತು ಎಂದು 2011ರ ಒಂದು ವಿಶ್ಲೇಷಣೆ ಹೇಳುತ್ತದೆ. ಇದು ಎಲ್ಲ ವೃತ್ತಿಯವರ ಮಾತು, ವೈದ್ಯರದಷ್ಟೇ ಅಲ್ಲ. ನನ್ನ ಸಹೋದ್ಯೋಗಿಗಳು ಇದನ್ನು ಎತ್ತಿ ಆಡುವುದನ್ನು ಕೇಳಿದ್ದೇನೆ. ಆದರೆ ತರಬೇತಿ ವೈದ್ಯರ ವಿಷಯದಲ್ಲಿ ಇದಕ್ಕೆ ವಿರುದ್ಧವಾಗಿ ಎಳೆಯುವ ಒಂದು ಶಕ್ತಿ ಇದೆ, ಭಯ. 2003ರ ನಿಯಮ ಬಂದ ಮೊದಲ ವರ್ಷದಲ್ಲಿ ಅಮೆರಿಕದಾದ್ಯಂತ ಇಂಟರ್ನ್‌ಗಳನ್ನು ಗುಟ್ಟಾಗಿ ಕೇಳಿದಾಗ ಶೇ. 83.6 ಮಂದಿ ಕನಿಷ್ಠ ಒಂದು ತಿಂಗಳಾದರೂ ತಮ್ಮ ಡ್ಯೂಟಿ ಮಿತಿ ಮೀರಿತ್ತು ಎಂದರು. ಅಧಿಕೃತ ದಾಖಲೆಗಳಲ್ಲಿ ಹಾಗೆ ಕಾಣುತ್ತಿರಲಿಲ್ಲ. ಮಿತಿ ಮೀರಿದೆ ಎಂದು ಬರೆದರೆ ತನ್ನ ವಿಭಾಗಕ್ಕೆ ಕೆಟ್ಟ ಹೆಸರು, ತನಗೆ ಹಿರಿಯರ ಮುನಿಸು. ಆದ್ದರಿಂದ ಕಲಿಯುವವರು ಕಡಿಮೆ ಬರೆಯುತ್ತಾರೆ. ಮನೆಗೆ ಹೋಗಿ ಬರೆದ ಡಿಸ್ಚಾರ್ಜ್ ಸಮ್ಮರಿ, ಸೆಮಿನಾರಿಗೆ ಓದಿದ್ದು, ಥೀಸಿಸ್ಸಿಗೆ ಕೂತದ್ದು ಯಾವುದೂ ರಿಜಿಸ್ಟರಿಗೆ ಹತ್ತುವುದಿಲ್ಲ. ಹಾಗಾಗಿ ನಾನು ಅಂದು ಅಷ್ಟು ಧೈರ್ಯದಿಂದ ತೆರೆದು ತೋರಿಸಿದ ರಿಜಿಸ್ಟರ್ ಕೂಡ ನಿಜವಾದ ಹೊರೆಯ ದಾಖಲೆ ಆಗಿರಲಿಲ್ಲ. ಯಾರೋ ಬರೆಯಬಹುದು ಎಂದುಕೊಂಡಷ್ಟರ ದಾಖಲೆ ಅದು.

ಇನ್ನು ಆ ಗಂಟೆಗಳ ಒಳಗೆ ಏನು ತುಂಬಿದೆ ಎಂಬ ಪ್ರಶ್ನೆ. ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ರೆಸಿಡೆಂಟ್‌ಗಳ ಹಿಂದೆ ಒಬ್ಬೊಬ್ಬ ವೀಕ್ಷಕರನ್ನು ಬಿಟ್ಟು ನಿಮಿಷ ನಿಮಿಷ ಬರೆಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಪಟ್ಟಿಯಲ್ಲಿ 10 ಗಂಟೆ ಎಂದಿದ್ದ ಹಗಲು ಡ್ಯೂಟಿ ನಿಜಕ್ಕೂ 11.6 ಗಂಟೆ ನಡೆಯುತ್ತಿತ್ತು. ಅದರಲ್ಲಿ ರೋಗಿಯ ಬಳಿ ಕಳೆದದ್ದು 1.7 ಗಂಟೆ, ಕಂಪ್ಯೂಟರ್ ಮುಂದೆ 5.2 ಗಂಟೆ. ಅದಕ್ಕೂ ಮೊದಲು, 2013ರಲ್ಲಿ ಬಂದ ಅಮೆರಿಕದ ಅಧ್ಯಯನವೂ ಇದನ್ನೇ ಹೇಳಿತ್ತು: ಇಂಟರ್ನ್‌ಗಳ ಸಮಯದಲ್ಲಿ ನೇರವಾಗಿ ರೋಗಿಯ ಆರೈಕೆಗೆ ಹೋದದ್ದು ಶೇ. 12, ಕಂಪ್ಯೂಟರಿಗೆ ಹೋದದ್ದು ಶೇ. 40. ರೋಗಿಯ ಮಗ್ಗುಲಲ್ಲಿ ಕಳೆದ ಒಂದು ಗಂಟೆಯೂ ಒಂದೇ ಫಾರಂ ಅನ್ನು ಮೂರು ಸಲ ತುಂಬಿದ ಒಂದು ಗಂಟೆಯೂ ಗಡಿಯಾರದಲ್ಲಿ ಒಂದೇ. ಮನಸ್ಸಿಗೆ ಒಂದೇ ಅಲ್ಲ. ಇಡೀ ದಿನ ಓಡಾಡಿ ರಾತ್ರಿ ಮಲಗುವಾಗ "ಇವತ್ತು ನಾನು ಯಾರಿಗೆ ಏನು ಮಾಡಿದೆ" ಎಂದು ಕೇಳಿಕೊಂಡರೆ ಉತ್ತರ ಸಿಗದ ದಿನ ಬಹಳ ಭಾರವಾಗುತ್ತದೆ. ಇಲ್ಲಿ ಕೂತಿರುವ ಕಿರಿಯರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಹೊರೆ ಅನಿಸುವುದನ್ನು ಅಳೆಯಲು ಬರುತ್ತದೆಯೇ? ಬರುತ್ತದೆ. ವಿಮಾನ ಮತ್ತು ಬಾಹ್ಯಾಕಾಶ ಕ್ಷೇತ್ರದವರು ಇದನ್ನು ನಮಗಿಂತ ಬಹಳ ಮೊದಲೇ ಮಾಡಿದರು. ನಾಸಾದಲ್ಲಿದ್ದ ಸಾಂಡ್ರಾ ಹಾರ್ಟ್ ತಮ್ಮ ಸಂಗಡಿಗ ಲೊವೆಲ್ ಸ್ಟೇವ್‌ಲ್ಯಾಂಡ್ ಜೊತೆ 1988ರಲ್ಲಿ ಒಂದು ಮಾಪನವನ್ನು ಪ್ರಕಟಿಸಿದರು, ನಾಸಾ ಟಿಎಲ್‌ಎಕ್ಸ್. ಅದು ಆರು ಪ್ರಶ್ನೆ ಕೇಳುತ್ತದೆ. ತಲೆಗೆ ಎಷ್ಟು ಕೆಲಸ ಬಿತ್ತು, ಮೈಗೆ ಎಷ್ಟು ಬಿತ್ತು, ಹೊತ್ತಿನ ಒತ್ತಡ ಎಷ್ಟಿತ್ತು, ಕೆಲಸ ಎಷ್ಟರ ಮಟ್ಟಿಗೆ ಕೈಗೂಡಿತು ಅನಿಸಿತು, ಅದಕ್ಕೆ ಎಷ್ಟು ಶ್ರಮ ಹಾಕಬೇಕಾಯಿತು, ಎಷ್ಟು ರೇಗಿತು ಅಥವಾ ಕುಗ್ಗಿಸಿತು. ಈ ಆರರಲ್ಲಿ ಎಷ್ಟು ಗಂಟೆ ಎಂಬ ಪ್ರಶ್ನೆ ಇಲ್ಲ. ಇದನ್ನು ಮೊದಲು ಓದಿದಾಗ ನನ್ನ ಮೊದಲ ವರ್ಷದ ರಾತ್ರಿಗಳೆಲ್ಲ ಕಣ್ಣಮುಂದೆ ಬಂದವು.

ಒಂದು ರಾತ್ರಿ ಹೇಳುತ್ತೇನೆ. ಲ್ಯಾಬಿನಿಂದ ಫೋನು ಬಂತು, ಒಬ್ಬ ರೋಗಿಯ ರಕ್ತದಲ್ಲಿ ಪೊಟ್ಯಾಸಿಯಂ ಏರಿದೆ ಎಂದು. ಅದು ಹೃದಯಕ್ಕೆ ಅಪಾಯ. ಇಸಿಜಿ ತೆಗೆಸಬೇಕು, ಕ್ಯಾಲ್ಸಿಯಂ ಕೊಡಬೇಕು, ಇನ್ಸುಲಿನ್ ಮತ್ತು ಗ್ಲೂಕೋಸ್ ಕೊಡಬೇಕು. ಪರೀಕ್ಷೆಯಲ್ಲಿ ಬರೆಯಿರಿ ಎಂದರೆ ಐದು ನಿಮಿಷದಲ್ಲಿ ಬರೆಯುತ್ತಿದ್ದೆ. ಆ ರಾತ್ರಿ ರಕ್ತ ತೆಗೆಯುವಾಗ ಕಣಗಳು ಒಡೆದು ರಿಪೋರ್ಟು ತಪ್ಪಾಗಿ ಬಂದಿರಬಹುದೇ ಎಂಬ ಅನುಮಾನ. ಹಿರಿಯರನ್ನು ಎಬ್ಬಿಸಲೇ ಬೇಡವೇ ಎಂಬ ಸಂಕೋಚ. ಇಸಿಜಿ ಸರಿಯಾಗಿ ಓದಿದೆನೇ ಎಂಬ ಅಳುಕು. ಈ ನಡುವೆ ಇನ್ನೊಂದು ವಾರ್ಡಿನಿಂದ ಡ್ರಿಪ್ ಹೊರಗೆ ಹೋಗಿದೆ ಎಂದು ಎರಡು ಸಲ ಫೋನು, ಕ್ಯಾಷುಯಲ್ಟಿಯಿಂದ ಹೊಸ ಅಡ್ಮಿಷನ್ ಎಂದು ಒಂದು ಫೋನು. ಅರ್ಧ ಗಂಟೆಯ ಕೆಲಸ ಅದು. ಬೆಳಿಗ್ಗೆ ನನಗೆ ಅದು ಇಡೀ ರಾತ್ರಿಯ ಕೆಲಸ ಅನಿಸಿತ್ತು. ಇಂದು ಅದೇ ಫೋನು ಬಂದರೆ ಹತ್ತು ನಿಮಿಷದಲ್ಲಿ ಆದೇಶ ಬರೆದು ನಿದ್ದೆ ಮುಂದುವರಿಸುತ್ತೇನೆ.

ಹಾಗಾದರೆ ಹೊಸಬರಿಗೂ ಹಳಬರಿಗೂ ಒಂದೇ ಕೇಸು ಒಂದೇ ಕೆಲಸ ಎಂದು ಹೇಗೆ ಹೇಳುವುದು? ಅನುಭವ ಮಾಡುವುದೇ ಇದನ್ನು, ಯೋಚಿಸಿ ಮಾಡಬೇಕಾದ್ದನ್ನು ಯೋಚಿಸದೆ ಮಾಡುವಂತೆ ಮಾಡುತ್ತದೆ. ಹಾಗಾದ ಮೇಲೆ ಅದು ಹೊರೆಯಾಗಿತ್ತು ಎಂಬುದೇ ನಮಗೆ ಮರೆತುಹೋಗುತ್ತದೆ. ಅಂದು ನನ್ನ ಬಳಿ ಬಂದ ಹುಡುಗಿ ಇನ್ನೊಂದು ಕಾಲೇಜಿನಿಂದ ಬಂದವಳು, ನಮ್ಮ ಆಸ್ಪತ್ರೆಯ ಫಾರಂಗಳು, ಲ್ಯಾಬಿನ ದಾರಿ, ಯಾವ ಸಿಸ್ಟರನ್ನು ಯಾವುದಕ್ಕೆ ಕೇಳಬೇಕು ಎಂಬುದು ಯಾವುದೂ ಗೊತ್ತಿರಲಿಲ್ಲ. ಜೊತೆಯ ಹುಡುಗ ಅಲ್ಲೇ ಓದಿ, ಅಲ್ಲೇ ಹೌಸ್ ಸರ್ಜನ್ಸಿ (ಎಂಬಿಬಿಎಸ್ ಕೊನೆಯ ಆಸ್ಪತ್ರೆ ತರಬೇತಿ) ಮಾಡಿದವನು. ರಿಜಿಸ್ಟರಿನಲ್ಲಿ ಸಮವಾಗಿದ್ದ ಕೆಲಸ ನಿಜಕ್ಕೂ ಸಮವಾಗಿರಲಿಲ್ಲ. ನನಗೆ ಇದು ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಫೋನುಗಳ ಬಗ್ಗೆ ಒಂದು ಮಾತು. ಕೆಲಸ ನಡುವೆ ತುಂಡಾದರೆ, ಮತ್ತೆ ಎಲ್ಲಿಂದ ಹಿಡಿಯಬೇಕು ಎಂದು ಹುಡುಕುವುದೇ ಒಂದು ಕೆಲಸ. ಮುಗಿಯದ ಕೆಲಸ ಮುಗಿದದ್ದಕ್ಕಿಂತ ಹೆಚ್ಚು ನೆನಪಿನಲ್ಲಿ ಕೂರುತ್ತದೆ ಎಂಬುದನ್ನು ಬ್ಲೂಮಾ ಝೈಗಾರ್ನಿಕ್ 1927ರಲ್ಲಿಯೇ ಬರೆದಿದ್ದರು. ನಂತರದ ಪ್ರಯೋಗಗಳಲ್ಲಿ ಅದು ಪ್ರತಿ ಸಲವೂ ಸಿಕ್ಕಿಲ್ಲ ನಿಜ, ಆದರೆ ವಾರ್ಡಿನಲ್ಲಿ ರಾತ್ರಿ ಕಳೆದವರು ಅದನ್ನು ಬಲ್ಲರು. ಡ್ಯೂಟಿ ಮುಗಿಸಿ ಬಂದು ಮಲಗಿದಾಗ ಕಣ್ಣಮುಂದೆ ಬರುವುದು ನೋಡಿ ಮುಗಿಸಿದ ರೋಗಿಗಳಲ್ಲ, ಕಳಿಸಿದೆನೋ ಇಲ್ಲವೋ ಎಂದು ನೆನಪಾಗದ ಆ ಒಂದು ರಕ್ತದ ಸ್ಯಾಂಪಲ್.

ಮತ್ತೊಂದು ವಿಷಯ ಹಿಡಿತ. ರಾಬರ್ಟ್ ಕರಾಸೆಕ್ ಎಂಬ ಸಮಾಜಶಾಸ್ತ್ರಜ್ಞರು 1979ರಲ್ಲಿ ಮುಂದಿಟ್ಟ ವಿಚಾರ ಇದು: ಮನುಷ್ಯನನ್ನು ಹಣ್ಣು ಮಾಡುವುದು ಬರೀ ಹೆಚ್ಚು ಕೆಲಸವಲ್ಲ, ಹೆಚ್ಚು ಕೆಲಸದ ಜೊತೆಗೆ ಅದರ ಮೇಲೆ ತನಗೆ ಯಾವ ಹಿಡಿತವೂ ಇಲ್ಲದಿರುವುದು. ಹಿರಿಯರು ಕಿರಿಯರಿಗಿಂತ ಹೆಚ್ಚು ಹೊತ್ತು ದುಡಿಯುವ ದಿನಗಳೂ ಉಂಟು. ಆದರೆ ರೌಂಡ್ಸ್ ಎಷ್ಟು ಹೊತ್ತಿಗೆ, ಯಾವ ಕೇಸು ಮೊದಲು, ಊಟಕ್ಕೆ ಯಾವಾಗ ಹೋಗುವುದು ಎಂಬುದು ನಮ್ಮ ಕೈಯಲ್ಲಿರುತ್ತದೆ. ಕಿರಿಯರು ಊಟದ ತಟ್ಟೆಯ ಮುಂದಿನಿಂದ ಎದ್ದು ಹೋಗಬೇಕಾಗುವುದು ನಾವು ಕರೆದಾಗ.

ವಾರ್ಡುಗಳಲ್ಲಿ ನೀವೆಲ್ಲ ಕೇಳಿರುವ ಇನ್ನೊಂದು ಮಾತಿದೆ, "ಅವಳ ಡ್ಯೂಟಿ ಅಂದ್ರೆ ಆಯ್ತು, ಅಡ್ಮಿಷನ್ ಸುರಿಯುತ್ತೆ." ಇಂಥವರನ್ನು ಇಂಗ್ಲಿಷ್ ಮಾತಾಡುವ ಆಸ್ಪತ್ರೆಗಳಲ್ಲಿ ಬ್ಲ್ಯಾಕ್ ಕ್ಲೌಡ್ ಎನ್ನುತ್ತಾರೆ, ಕಾರ್ಮೋಡ. ಕಾಲಿಟ್ಟಲ್ಲಿ ಕೆಲಸ ಸುರಿಸುವವರು. ಇದನ್ನು ಕುತೂಹಲದಿಂದ ಎಣಿಸಿ ನೋಡಿದವರಿದ್ದಾರೆ. ಕಾರ್ಮೋಡ ಎಂಬ ಹೆಸರಿಗೂ ಅವರ ಪಾಲಿಗೆ ಬಂದ ಅಡ್ಮಿಷನ್ನುಗಳ ಸಂಖ್ಯೆಗೂ ನಂಬುವಂಥ ಹೊಂದಾಣಿಕೆ ಸಿಗಲಿಲ್ಲ. ಡ್ಯೂಟಿಯ ಹೊತ್ತಿನಲ್ಲಿ "ಇವತ್ತು ಏನೂ ಕೆಲಸ ಇಲ್ಲ" ಎಂದು ಬಾಯಿ ಬಿಟ್ಟರೆ ಕೆಲಸ ಬಂದು ಬೀಳುತ್ತದೆ ಎಂಬ ನಂಬಿಕೆಯನ್ನೂ ಬ್ರಿಟನ್ನಿನ ಸೂಕ್ಷ್ಮಜೀವಿ ವಿಭಾಗವೊಂದು ಕ್ರಮಬದ್ಧ ಪ್ರಯೋಗದಿಂದ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿತು. ಆ ಮಾತು ಆಡಿದ ದಿನಗಳಲ್ಲಿ ಕೆಲಸ ಹೆಚ್ಚಾಗಲಿಲ್ಲ.

ಅಡ್ಮಿಷನ್ ಸಮವಾಗಿದ್ದರೂ ಕೆಲವರ ರಾತ್ರಿ ಯಾಕೆ ಉದ್ದವಾಗುತ್ತದೆ? ನಾನು ನನ್ನ ಯೂನಿಟ್ಟಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಕೆಲವರು ಫೋನಿನಲ್ಲಿ ಹೇಳಿ ಮುಗಿಸದೆ ಪ್ರತಿ ಕರೆಗೂ ಎದ್ದು ಹೋಗಿ ರೋಗಿಯನ್ನು ನೋಡುತ್ತಾರೆ. ಸಂಬಂಧಿಕರು ನಿಲ್ಲಿಸಿ ಕೇಳಿದರೆ ನಿಂತು ಉತ್ತರ ಹೇಳುತ್ತಾರೆ. ಬೆಳಿಗ್ಗೆ ಹ್ಯಾಂಡೋವರ್ ಕೊಡುವಾಗ ಅರ್ಧ ಕೆಲಸ ಬಿಟ್ಟುಹೋಗಲು ಮನಸ್ಸು ಬರದೆ ಉಳಿದುಕೊಳ್ಳುತ್ತಾರೆ. ಅವರ ಹೆಸರಿಗೆ ಅಂಟಿದ ಅಪಖ್ಯಾತಿಯ ಅಡಿಯಲ್ಲಿ ಅನೇಕ ಸಲ ಇರುವುದು ಅವರ ಒಳ್ಳೆಯತನ. ಇಂಥವರಿಗೆ "ನಿನಗೆ ಟೈಮ್ ಮ್ಯಾನೇಜ್‌ಮೆಂಟ್ ಗೊತ್ತಿಲ್ಲ" ಎನ್ನುವ ಮೊದಲು ಒಂದು ರಾತ್ರಿ ಅವರ ಜೊತೆ ನಡೆದಾಡಿ ಎಂದು ನನ್ನ ಓರಗೆಯವರನ್ನು ಕೇಳಿಕೊಳ್ಳುತ್ತೇನೆ.

ಈಗ ಹಿರಿಯರಾದ ನಮ್ಮ ಕಡೆಗೆ ಬರುತ್ತೇನೆ. "ನಮ್ಮ ಕಾಲದಲ್ಲಿ ನಾವು 36 ಗಂಟೆ ನಿಂತೇ ಕೆಲಸ ಮಾಡ್ತಿದ್ವಿ, ಏನೂ ಆಗ್ಲಿಲ್ಲ" ಎಂದು ನಾನೂ ಹೇಳಿದ್ದೇನೆ. ಈ ನೆನಪು ಎಷ್ಟು ನಂಬಲರ್ಹ? ಡೊನಾಲ್ಡ್ ರೆಡೆಲ್‌ಮಯರ್ ಮತ್ತು ಡೇನಿಯಲ್ ಕಾಹ್ನೆಮನ್ 1996ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಕೊಲೊನೊಸ್ಕೋಪಿ (ನಳಿಕೆ ಹಾಕಿ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆ) ಮಾಡಿಸಿಕೊಳ್ಳುವ ರೋಗಿಗಳು ಆ ಹೊತ್ತಿನಲ್ಲಿ ನಿಮಿಷ ನಿಮಿಷಕ್ಕೂ ನೋವು ಎಷ್ಟಿದೆ ಎಂದು ಹೇಳುತ್ತಾ ಹೋದರು. ಆಮೇಲೆ ಒಟ್ಟಾರೆ ಎಷ್ಟು ನೋವಾಗಿತ್ತು ಎಂದು ಕೇಳಿದಾಗ, ಅವರ ನೆನಪು ಹೊಂದಿದ್ದು ಅತಿ ಹೆಚ್ಚು ನೋವಾದ ಕ್ಷಣದ ಜೊತೆ ಮತ್ತು ಕೊನೆಯ ಕೆಲವು ಕ್ಷಣಗಳ ಜೊತೆ. ಎಷ್ಟು ಹೊತ್ತು ನೋವಾಯಿತು ಎಂಬುದು ನೆನಪಿನಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ನಮ್ಮ ತರಬೇತಿ ಮುಗಿದದ್ದು ಪದವಿ ಕೈಗೆ ಬಂದ ಸಂತೋಷದಲ್ಲಿ. ನೆನಪು ಆ ಕೊನೆಯನ್ನು ಹಿಡಿದುಕೊಂಡಿದೆ. ನಡುವಿನ ನೂರಾರು ಬೂದುಬಣ್ಣದ ಬೆಳಗುಗಳು ಅದರಲ್ಲಿ ಇಲ್ಲ. ಇನ್ನು ಏನೂ ಆಗಲಿಲ್ಲ ಎಂಬ ಮಾತು. ಆಗಿದ್ದರೆ ಅದನ್ನು ಬರೆದಿಟ್ಟವರು ಯಾರು? ಅದೂ ಅಲ್ಲದೆ, ಅಂದಿನ ವಾರ್ಡಿನಲ್ಲಿ ರೋಗಿಗಳು ದಿನಗಟ್ಟಲೆ ಇರುತ್ತಿದ್ದರು. ಇಂದು ಬೇಗ ಬಂದು ಬೇಗ ಹೋಗುತ್ತಾರೆ. ಒಬ್ಬೊಬ್ಬರಿಗೂ ಔಷಧಿ ಹೆಚ್ಚು, ಪರೀಕ್ಷೆ ಹೆಚ್ಚು, ದಾಖಲೆ ಹೆಚ್ಚು. ಹಾಸಿಗೆಗಳ ಸಂಖ್ಯೆ ಅಷ್ಟೇ ಇದ್ದರೂ ಕೆಲಸ ಅಷ್ಟೇ ಇಲ್ಲ.

ಒಂದೇ ವ್ಯವಸ್ಥೆ ಮೇಲಿನಿಂದ ಒಂದು ರೀತಿ, ಕೆಳಗಿನಿಂದ ಇನ್ನೊಂದು ರೀತಿ ಕಾಣುತ್ತದೆ ಎಂಬುದಕ್ಕೆ ಒಂದು ದೊಡ್ಡ ಪ್ರಯೋಗವೇ ಸಾಕ್ಷಿ. ಅಮೆರಿಕದ 63 ಇಂಟರ್ನಲ್ ಮೆಡಿಸಿನ್ ತರಬೇತಿ ಕಾರ್ಯಕ್ರಮಗಳಲ್ಲಿ ಅರ್ಧಕ್ಕೆ ಡ್ಯೂಟಿಯ ಉದ್ದದ ಮಿತಿಯನ್ನು ಸಡಿಲಿಸಿ, ಉಳಿದರ್ಧಕ್ಕೆ ಬಿಗಿಯಾಗಿಟ್ಟು ಒಂದು ವರ್ಷ ನೋಡಿದರು. ಐಕಂಪೇರ್ ಎಂದು ಅದರ ಹೆಸರು. ರೋಗಿಗಳ ಸಾವಿನ ಪ್ರಮಾಣ ಸಡಿಲ ಡ್ಯೂಟಿಯಲ್ಲಿ ಹೆಚ್ಚಾಗಲಿಲ್ಲ. ಆದರೆ 2018ರಲ್ಲಿ ಬಂದ ವರದಿ ಇನ್ನೊಂದು ಸಂಗತಿ ಹೇಳಿತು. ಸಡಿಲ ಡ್ಯೂಟಿಯಲ್ಲಿದ್ದ ಇಂಟರ್ನ್‌ಗಳಿಗೆ ತಮ್ಮ ತರಬೇತಿಯ ಬಗ್ಗೆ ತೃಪ್ತಿ ಕಡಿಮೆಯಾಗಿತ್ತು, ಅವರ ನಿರ್ದೇಶಕರಿಗೆ ಹೆಚ್ಚಾಗಿತ್ತು. ಇಬ್ಬರೂ ಪ್ರಾಮಾಣಿಕರೇ.

ಇನ್ನು ಏನೂ ಹೇಳದಿದ್ದ ಆ ಹುಡುಗನ ಕತೆ.

ಕೆಲವು ತಿಂಗಳ ನಂತರ ಒಂದು ಬೆಳಿಗ್ಗೆ ವಾರ್ಡಿನ ಹಿರಿಯ ಸಿಸ್ಟರ್ ಕೇಸ್ ಶೀಟೊಂದನ್ನು ಹಿಡಿದು ನನ್ನ ಬಳಿ ಬಂದರು. ಇನ್ಸುಲಿನ್ 4 ಯೂನಿಟ್ ಎಂದಿರಬೇಕಾದಲ್ಲಿ 40 ಎಂದು ಬರೆದಿತ್ತು. ಅವರು ಕೊಡದೆ ನಿಲ್ಲಿಸಿದ್ದರು. ಆ ತಾಯಿಗೆ ನಾನು ಇಂದಿಗೂ ಋಣಿ. ಬರೆದವನು ಅವನೇ, ನಮ್ಮ ಯೂನಿಟ್ಟಿನಲ್ಲೇ ಅತ್ಯಂತ ಚುರುಕಾದವನು, ಯಾವ ಡ್ಯೂಟಿಗೂ ಇಲ್ಲ ಎನ್ನದವನು. ಕರೆದು ಕೂರಿಸಿ ಕೇಳಿದೆ. ಅವನ ಮುಖ ಬಿಳಿಚಿಹೋಗಿತ್ತು. "ಮೇಡಂ, ನಾನು ಚೆನ್ನಾಗೇ ಇದ್ದೆ. ನಿದ್ದೆ ಬಂದಿರಲಿಲ್ಲ. ಸುಸ್ತು ಅಂತಾನೂ ಅನಿಸಿರಲಿಲ್ಲ" ಅಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ಸ್ನೇಹಿತನೊಬ್ಬ ರಜೆಯಲ್ಲಿದ್ದ, ಅವನ ಡ್ಯೂಟಿಯನ್ನೂ ಇವನೇ ಮಾಡುತ್ತಿದ್ದ. ವಾರಗಳಿಂದ ಸರಿಯಾಗಿ ಮಲಗಿರಲಿಲ್ಲ. ಪಟ್ಟಿಯಲ್ಲಿ ಅದ್ಯಾವುದೂ ಇರಲಿಲ್ಲ, ಅವನ ಮನಸ್ಸಿನಲ್ಲೂ ಇರಲಿಲ್ಲ.

ನಿದ್ದೆಯ ವಿಜ್ಞಾನ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. 2003ರಲ್ಲಿ ಹಾನ್ಸ್ ವಾನ್ ಡಾಂಗೆನ್ ಮತ್ತು ಸಂಗಡಿಗರು ಆರೋಗ್ಯವಂತರನ್ನು ಸತತ 14 ದಿನ ರಾತ್ರಿಗೆ 8, 6 ಅಥವಾ 4 ಗಂಟೆ ಮಾತ್ರ ಮಲಗಿಸಿ ದಿನವೂ ಪರೀಕ್ಷಿಸಿದರು. 6 ಗಂಟೆ ಮತ್ತು 4 ಗಂಟೆಯವರ ಗಮನಶಕ್ತಿ ದಿನದಿಂದ ದಿನಕ್ಕೆ ಕುಸಿಯುತ್ತಲೇ ಹೋಯಿತು. ಕೊನೆಗೆ ಎರಡು ರಾತ್ರಿ ಕಣ್ಣೇ ಮುಚ್ಚದವರ ಮಟ್ಟದವರೆಗೂ ಇಳಿಯಿತು. ಆದರೆ ನಿದ್ದೆ ಎಷ್ಟು ಎಳೆಯುತ್ತಿದೆ ಎಂದು ಕೇಳಿದರೆ, ಮೊದಲ ಕೆಲವು ದಿನ ಹೆಚ್ಚು ಎಂದವರು ಆಮೇಲೆ ಅಲ್ಲಿಗೇ ನಿಂತರು. ಮೈ ಕುಸಿಯುತ್ತಿದೆ, ಮನಸ್ಸು ಒಗ್ಗಿದೆ ಎನ್ನುತ್ತಿದೆ. ಅರಿವಳಿಕೆ ವಿಭಾಗದ ರೆಸಿಡೆಂಟ್‌ಗಳ ಮೆದುಳಿನ ಅಲೆಗಳನ್ನು ದಾಖಲಿಸಿದ 2002ರ ಒಂದು ಅಧ್ಯಯನದಲ್ಲಿ, ಅವರು ನಿದ್ದೆಗೆ ಜಾರಿದ ಸುಮಾರು ಅರ್ಧದಷ್ಟು ಸಲ ತಾವು ಎಚ್ಚರವೇ ಇದ್ದೆವು ಎಂದು ನಂಬಿದ್ದರು. ಸತತ 17 ಗಂಟೆ ಎಚ್ಚರವಿದ್ದವರ ಕೈಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ. 0.05 ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ, 24 ಗಂಟೆಗೆ ಅದು ಸುಮಾರು ಶೇ. 0.10ರ ಮಟ್ಟ ಎಂದು 1997ರಲ್ಲೇ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ತೋರಿಸಿದ್ದರು. ಕುಡಿದವನು ತಾನು ನೆಟ್ಟಗಿದ್ದೇನೆ ಎಂದು ಹೇಳಿದರೆ ನಾವು ಕೈಗೆ ಗಾಡಿಯ ಕೀಲಿ ಕೊಡುವುದಿಲ್ಲ.

ಹೊರೆ ಇದೆ ಎಂದು ಹೇಳಿಕೊಂಡ ಹುಡುಗಿಯನ್ನು ನಾನು ಅನುಮಾನಿಸಿದೆ. ಹೊರೆ ಇಲ್ಲ ಎಂದುಕೊಂಡ ಹುಡುಗನನ್ನು ಮಾದರಿಯಾಗಿ ತೋರಿಸಿದೆ. ಎರಡೂ ತಿರುಗುಮುರುಗು. ಅವಳ ಮೈ ಅವಳಿಗೆ ಸುದ್ದಿ ಮುಟ್ಟಿಸುತ್ತಿತ್ತು, ಅವನ ಮೈ ಸುದ್ದಿ ಕಳಿಸುವುದನ್ನೇ ನಿಲ್ಲಿಸಿತ್ತು. ಅನಿಸಿದ್ದು ಗಡಿಯಾರಕ್ಕಿಂತ ಹೆಚ್ಚಿದ್ದರೆ ಕೆಲಸದ ಸ್ವರೂಪ, ಒಂಟಿತನ, ಹಿಡಿತ ಇವನ್ನು ಹುಡುಕಿ ಸರಿಪಡಿಸಬಹುದು. ಅನಿಸಿದ್ದು ಗಡಿಯಾರಕ್ಕಿಂತ ಕಡಿಮೆಯಾದಾಗ ನನಗೆ ನಿಜವಾದ ಭಯ. ಆಗ ಕೇಳಿದರೂ ಉತ್ತರ ಸಿಗುವುದಿಲ್ಲ. ಅಲ್ಲಿ ಗಂಟೆಯನ್ನೇ ನಂಬಬೇಕು, ಅವರು ಎಷ್ಟೇ ಚೆನ್ನಾಗಿದ್ದೇನೆ ಎಂದರೂ ಮಲಗಲು ಕಳಿಸಬೇಕು.

ಈ ಘಟನೆಯ ನಂತರ ನಮ್ಮ ಯೂನಿಟ್ಟಿನಲ್ಲಿ ಮಾಡಿಕೊಂಡ ಬದಲಾವಣೆಗಳು ದೊಡ್ಡವೇನಲ್ಲ. ತುರ್ತಲ್ಲದ ವಿಷಯಗಳನ್ನು ಸಿಸ್ಟರ್‌ಗಳು ಒಂದು ಹಾಳೆಯಲ್ಲಿ ಬರೆದಿಡುತ್ತಾರೆ, ಕಿರಿಯರು ಗೊತ್ತಾದ ಹೊತ್ತಿಗೆ ಬಂದು ಒಟ್ಟಿಗೆ ನೋಡುತ್ತಾರೆ. ರಾತ್ರಿಯ ಫೋನು ಕಡಿಮೆಯಾಯಿತು. ಮೊದಲ ಕೆಲವು ವಾರ ಹೊಸಬರ ರಾತ್ರಿ ಡ್ಯೂಟಿಯಲ್ಲಿ ಹಿರಿಯ ಪಿಜಿ ಫೋನಿನ ಆಚೆ ತುದಿಯಲ್ಲಿರದೆ ವಾರ್ಡಿನಲ್ಲೇ ಇರುತ್ತಾರೆ. ಡ್ಯೂಟಿ ಬದಲಾಯಿಸಿಕೊಂಡರೆ ಪಟ್ಟಿಯಲ್ಲಿ ತಿದ್ದಬೇಕು, ತಿದ್ದಿದ್ದಕ್ಕೆ ಯಾರೂ ಬೈಯುವುದಿಲ್ಲ. ನೈಟ್ ಡ್ಯೂಟಿ ಮುಗಿಸಿದವರು ತಾವೇ ಗಾಡಿ ಓಡಿಸಿಕೊಂಡು ಹೋಗುವ ಮೊದಲು ಡ್ಯೂಟಿ ರೂಮಿನಲ್ಲಿ ಮಲಗಿ ಎದ್ದು ಹೋಗಬೇಕು. ಇದೊಂದನ್ನು ನಾನು ಬಹಳ ಹಟದಿಂದ ನಡೆಸುತ್ತೇನೆ. ನಾನೇ ಒಮ್ಮೆ ಡ್ಯೂಟಿ ಮುಗಿಸಿ ಹೋಗುವಾಗ ಸಿಗ್ನಲ್ಲಿನಲ್ಲಿ ನಿದ್ದೆ ಹೋಗಿ ಹಿಂದಿನವರ ಹಾರ್ನಿಗೆ ಎಚ್ಚರಾದವಳು. ಸಿಗ್ನಲ್ ಕೆಂಪಿದ್ದಾಗ ಜೋಂಪು ಹತ್ತಿತು ಎಂಬುದಷ್ಟೇ ಅಂದು ನನ್ನನ್ನು ಉಳಿಸಿದ್ದು.

ಪ್ರಶ್ನೋತ್ತರದ ಹೊತ್ತಿನಲ್ಲಿ ಮೊದಲ ವರ್ಷದ ಒಬ್ಬರು ಎದ್ದು ನಿಂತು ಕೇಳಿದ ಪ್ರಶ್ನೆ ಇದು: "ಮೇಡಂ, ಕೆಲಸ ಜಾಸ್ತಿ ಆಯ್ತು ಅಂತ ಹೋಗಿ ಹೇಳಿದ್ರೆ ಕೈಲಾಗದವನು ಅಂತಾರೆ. ಹಾಗಾದ್ರೆ ಹೇಗೆ ಹೇಳೋದು?"

ನಾನು ಕೊಟ್ಟ ಉತ್ತರ ಹೀಗಿತ್ತು. ಜಾಸ್ತಿ ಆಯ್ತು ಎಂಬ ಒಂದೇ ಮಾತಿನಲ್ಲಿ ಹೇಳಬೇಡಿ, ಅದು ಎಲ್ಲೋ ನೋವು ಎಂದಷ್ಟೇ ಹೇಳಿದ ಹಾಗೆ. ಒಂದು ವಾರ ಜೇಬಿನಲ್ಲಿ ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಎಷ್ಟು ಹೊತ್ತಿಗೆ ಬಂದಿರಿ, ಎಷ್ಟು ಹೊತ್ತಿಗೆ ಹೊರಟಿರಿ, ಎಷ್ಟು ಗಂಟೆ ಮಲಗಿದಿರಿ ಎಂದು ಬರೆಯಿರಿ. ಪಕ್ಕದಲ್ಲಿ ಆ ದಿನ ಯಾವ ಹೊತ್ತು ಅತ್ಯಂತ ಕಷ್ಟವಾಯಿತು, ಆಗ ಏನು ಮಾಡುತ್ತಿದ್ದಿರಿ, ಜೊತೆಗೆ ಯಾರಿದ್ದರು ಎಂದು ಒಂದು ಸಾಲು ಬರೆಯಿರಿ. ಎಲ್ಲಿ, ಯಾವಾಗ, ಏನು ಮಾಡಿದರೆ ಹೆಚ್ಚು, ಏನು ಮಾಡಿದರೆ ಕಡಿಮೆ ಎಂದು ರೋಗಿಯನ್ನು ಕೇಳುತ್ತೀರಲ್ಲ, ಹಾಗೆ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಆ ಪುಸ್ತಕ ಹಿಡಿದು ನಿಮ್ಮ ಯೂನಿಟ್ ಮುಖ್ಯಸ್ಥರ ಬಳಿ ಹೋಗಿ. ಒಬ್ಬರೇ ಹೋಗಲು ಅಳುಕಿದ್ದರೆ ಇಬ್ಬರು ಹೋಗಿ.

ಅವರು ಕೂರಲಿಲ್ಲ. "ಅವರೂ ರಿಜಿಸ್ಟರ್ ತೆಗೆದು ತೋರಿಸಿದ್ರೆ?" ಎಂದು ಕೇಳಿದರು.

ಆಗ ನಾನು ಸಭೆಯ ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಓರಗೆಯವರ ಕಡೆ ತಿರುಗಿ, ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ನೀವು ಎಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹಿರಿಯ ಸರ್ಜನ್ ಎದ್ದು ಮೈಕ್ ಕೇಳಿ ಪಡೆದು, "ನನ್ನ ಯೂನಿಟ್ಟಿನವರು ನಾಳೆಯಿಂದ ಆ ಪುಸ್ತಕ ಬರೆಯಲಿ. ಮೊದಲು ನನಗೆ ತೋರಿಸಲಿ" ಅಂದರು.